ಅಗಿಯುವ ನಾಯಿಗೊಂದು ಆಟದ ಸಾಮಾನು

ಹೋದ ವರ್ಷ ನಮ್ಮ ಮನೆಯಲ್ಲಿ ಹಲ್ಲಿನ ಗುರುತಿಲ್ಲದೆ ಉಳಿದಿದ್ದ ಸಾಮಾನು ಎಂದರೆ ಕಬ್ಬಿಣದ ಬೀರು ಮತ್ತು ರುಬ್ಬುವ ಕಲ್ಲು. ಮಿಕ್ಕ ಎಲ್ಲವನ್ನೂ ನಮ್ಮ ನಾಯಿ ಒಂದಲ್ಲ ಒಂದು ಸಲ ಬಾಯಿಗೆ ಹಾಕಿ ನೋಡಿತ್ತು. ಮಂಚದ ಕಾಲು, ಮೊರದ ಅಂಚು, ಪೊರಕೆಯ ಹಿಡಿ, ಬಾಗಿಲ ಬಳಿ ಬಿಟ್ಟ ಯಾರದೇ ಚಪ್ಪಲಿ, ನನ್ನ ಹೊಲಿಗೆ ಮಿಷನ್ನಿನ ಬೆಲ್ಟು. ಅಳತೆಯ ಟೇಪನ್ನು ಅರ್ಧಕ್ಕೆ ಕಡಿದು ಹಾಕಿದ್ದರಿಂದ, ಹೊಸ ಟೇಪು ತರುವವರೆಗೆ ಸ್ವಲ್ಪ ದಪ್ಪಗಿರುವವರ ಬ್ಲೌಸಿನ ಅಳತೆಯನ್ನು ನಾನು ಎರಡು ಕಂತಿನಲ್ಲಿ ತೆಗೆದುಕೊಳ್ಳಬೇಕಾಯಿತು. ಅವರು ಮುಖ ಸಣ್ಣದು ಮಾಡಿಕೊಂಡರು. ನನಗೆ ನಗು ತಡೆಯುವುದು ಕಷ್ಟವಾಯಿತು. ನಗು ಬಂದದ್ದೇ ನನಗೆ ಆಶ್ಚರ್ಯ. ನಮ್ಮ ಯಜಮಾನರು ಹೋಗಿ ಆಗ ಇನ್ನೂ ಎರಡು ತಿಂಗಳೂ ಆಗಿರಲಿಲ್ಲ.

ನಮ್ಮದು ಮಾಲೂರು ತಾಲ್ಲೂಕು, ಮಾಸ್ತಿಯ ಹತ್ತಿರದ ಹಳ್ಳಿ. ನಾನು ಹತ್ತನೇ ಕ್ಲಾಸಿನವರೆಗೆ ಓದಿದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಯಜಮಾನರು ಟೆಂಪೋ ಓಡಿಸುತ್ತಿದ್ದರು. ಸುತ್ತಲಿನ ತೋಟಗಳಿಂದ ಟೊಮೇಟೊ, ಹುರುಳಿಕಾಯಿ, ಕೋಸು ತುಂಬಿಕೊಂಡು ಕೋಲಾರದ ಮಾರ್ಕೆಟ್ಟಿಗೆ ಹಾಕಿ ಬರುವುದು ಅವರ ಕೆಲಸ. ಒಂದು ಸಲ ಮುಳಬಾಗಿಲಿನ ಆಚೆ ಹೈವೇ ಡಾಬಾದಲ್ಲಿ ಊಟಕ್ಕೆ ನಿಂತಾಗ, ಅಲ್ಲಿನ ದೊಡ್ಡ ಹೆಣ್ಣುನಾಯಿಯ ಮರಿಯೊಂದು ಅವರ ಚಪ್ಪಲಿಯ ಬಾರು ಹಿಡಿದದ್ದು ಬಿಡಲೇ ಇಲ್ಲವಂತೆ. ಬಾರು ಬಿಡಿಸಲಾಗದೆ ಮರಿಯನ್ನೇ ಎತ್ತಿಕೊಂಡು ಬಂದೆ ಎಂದು ಹೇಳಿ, ಅದನ್ನು ಅಂಗಳದಲ್ಲಿ ಇಳಿಸಿದರು. ದೊಡ್ಡ ತಲೆ, ಅದಕ್ಕಿಂತ ದೊಡ್ಡ ಪಾದ. ಬೆಳೆದ ಮೇಲೆ ದಿನವೂ ಅವರ ಜೊತೆ ಟೆಂಪೋದ ಕ್ಯಾಬಿನ್ನಿನಲ್ಲೇ ಹೋಗುತ್ತಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೋಲಾರದವರೆಗೆ ಊರುಗಳನ್ನೆಲ್ಲ ನೋಡಿಕೊಂಡು, ಸಂಜೆ ಟೊಮೇಟೊ ವಾಸನೆ ಹೊತ್ತುಕೊಂಡು ಇಬ್ಬರೂ ಮನೆಗೆ ಬರುತ್ತಿದ್ದರು.

ಮಾಗಿಯ ಒಂದು ಬೆಳಿಗ್ಗೆ ಎದೆ ಹಿಡಿದಂತಾಗುತ್ತಿದೆ ಎಂದು ಜಗಲಿಯ ಮೇಲೆ ಕೂತವರು ಮತ್ತೆ ಏಳಲಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಟೆಂಪೋವನ್ನು ಅವರ ಜೊತೆಗಾರನೊಬ್ಬ ಓಡಿಸತೊಡಗಿದ. ಮನೆಯಲ್ಲಿ ಉಳಿದದ್ದು ನಾನು, ನಮ್ಮ ಅತ್ತೆ, ನಾಯಿ. ಅತ್ತೆ ಮುಳಬಾಗಿಲು ಕಡೆಯವರು. ತೆಲುಗು, ಕನ್ನಡ ಎರಡನ್ನೂ ಕಲಸಿಕೊಂಡು ಮಾತಾಡುತ್ತಾರೆ, ಎರಡರಲ್ಲೂ ಜೋರು. ಮಗನ ಚಪ್ಪಲಿಗಳನ್ನು ಅವರು ಯಾರಿಗೂ ಕೊಡದೆ ಗೂಡಿನಲ್ಲಿ ಎತ್ತಿಟ್ಟಿದ್ದರು. ಕಾರ್ಯ ಮುಗಿದ ದಿನ, ನೆಂಟರೆಲ್ಲ ಊಟಕ್ಕೆ ಕೂತಿದ್ದಾಗ, ನಾಯಿ ಹೇಗೋ ಗೂಡಿಗೆ ಕಾಲು ಹಾಕಿ ಆ ಜೋಡಿಯಲ್ಲಿ ಒಂದನ್ನು ಎಳೆದುಕೊಂಡು ಚೂರು ಮಾಡಿಬಿಟ್ಟಿತು. ಅತ್ತೆ ಆ ಚೂರುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೂತರು.

"ಅವನ ಕಾಲಿನ ಅಚ್ಚಿತ್ತಲ್ಲೇ ಇದರಲ್ಲಿ," ಎಂದರು. ನಾಯಿಗೆ ಒಂದೇಟೂ ಹೊಡೆಯಲಿಲ್ಲ. ಅಲ್ಲೇ ಇದ್ದ ತಮ್ಮ ಮಗಳ ಕಡೆ ತಿರುಗಿ, "ಇದನ್ನ ನೀನೇ ತಗೊಂಡೋಗಮ್ಮ. ನನ್ನ ಕಣ್ಣ ಮುಂದೆ ಬೇಡ," ಎಂದರು.

ನನ್ನ ನಾದಿನಿಯನ್ನು ಕೊಟ್ಟಿರುವುದು ಶ್ರೀನಿವಾಸಪುರದ ಹತ್ತಿರ. ಅವರದು ಮಾವಿನ ತೋಟ. ಕಾಯಿ ಕೀಳುವ ಕಾಲದಲ್ಲಿ ತೋಟ ಕಾಯಲು ಗಟ್ಟಿ ನಾಯಿಯೊಂದು ಬೇಕೆಂದು ಅವಳು ಮೊದಲಿನಿಂದಲೂ ಹೇಳುತ್ತಿದ್ದಳು.

"ಈಗ್ಲೇ ಬೇಡಮ್ಮ, ಕಾಯಿ ಬಲೀಲಿ. ಕೀಳೋ ಹೊತ್ಗೆ ಕಳಿಸು," ಎಂದಳು.

"ಕಳಿಸ್ತೀನಿ. ಮಾತು ಕೊಟ್ಟಿದೀನಿ ಅಂತ ತಿಳ್ಕೋ."

ನಾನು ಬಡಿಸುತ್ತಿದ್ದೆ. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಆ ಮನೆಯಲ್ಲಿ ಜೋರಾಗಿ ಮಾತಾಡುವ ಕೆಲಸವನ್ನು ಅತ್ತೆ ಮತ್ತು ಯಜಮಾನರು ಹಂಚಿಕೊಂಡಿದ್ದರು. ನನ್ನ ಪಾಲಿಗೆ ಅದು ಬಂದೇ ಇರಲಿಲ್ಲ. ಆದರೆ ನಾಯಿ ಹೋಗಬಾರದು ಎಂದು ನನಗೆ ಬಲವಾಗಿ ಅನಿಸಿತು. ಸಂಜೆ ಟೆಂಪೋ ಬರುತ್ತಿದ್ದ ಹೊತ್ತಿಗೆ ರಸ್ತೆಯ ಕಡೆ ಕಿವಿ ಎತ್ತುವುದು ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂಬುದೇ ನನಗೆ ಆಗ ದೊಡ್ಡ ಆಸರೆಯಾಗಿತ್ತು.

ಬಾಯಿ ಬಿಟ್ಟು ಹೇಳಲಾಗದೆ ಇನ್ನೊಂದು ದಾರಿ ಹುಡುಕಿದೆ. ಅದಕ್ಕೆ ಅಗಿಯಲು ಏನಾದರೂ ಗಟ್ಟಿಯಾದದ್ದು ಸಿಕ್ಕರೆ ಮನೆಯ ಸಾಮಾನು ಉಳಿಯುತ್ತದೆ. ಸಾಮಾನು ಉಳಿದರೆ ಅತ್ತೆಯ ಕೋಪ ಇಳಿಯುತ್ತದೆ. ಕೋಪ ಇಳಿದರೆ ಮಾವಿನ ಕಾಲ ಬರುವಷ್ಟರಲ್ಲಿ ಕೊಟ್ಟ ಮಾತು ಮರೆತೂ ಹೋಗಬಹುದು.

ಮೊದಲು ನನ್ನ ಮಗಳಿಗೆ ಫೋನು ಮಾಡಿದೆ. ಅವಳು ಮುಳಬಾಗಿಲಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಮುಂದಿನ ಸಲ ಬಂದಾಗ ಹಳದಿ ಬಾತುಕೋಳಿಯೊಂದನ್ನು ತಂದಳು. ಒತ್ತಿದರೆ ಕೀಂ ಎನ್ನುತ್ತದೆ. ನಾಯಿಗೆ ಅದನ್ನು ಕೊಡುವ ಮುಂಚೆ ಅತ್ತೆ ಎರಡು ಮೂರು ಸಲ ಒತ್ತಿ ನೋಡಿದರು. ಯಾರೂ ನೋಡುತ್ತಿಲ್ಲ ಎಂದುಕೊಂಡು ಇನ್ನೊಂದು ಸಲ ಒತ್ತಿದರು. ನಾಯಿಯ ಬಾಯಲ್ಲಿ ಅದು ಕೀಂ ಎಂದದ್ದು ಒಂದೇ ಸಲ. ನಾನು ಒಲೆಯ ಮೇಲಿನ ಹಾಲು ಇಳಿಸಿ ಬರುವಷ್ಟರಲ್ಲಿ ಅಂಗಳದ ತುಂಬ ಹತ್ತಿ. ಕೀಂ ಎನ್ನುವ ಪ್ಲಾಸ್ಟಿಕ್ ಬಿಲ್ಲೆ ಅದರ ನಾಲಿಗೆಯ ಮೇಲಿತ್ತು. ಬೆರಳು ಹಾಕಿ ತೆಗೆದೆ.

"ದೇವುಡಾ! ಒಂದು ಬಾತುಕೋಳೀಲಿ ಒಂದು ಹಾಸಿಗೆಗಾಗೋಷ್ಟು ಹತ್ತಿ ಇತ್ತಲ್ಲೇ," ಎಂದು ಅತ್ತೆ ಹತ್ತಿ ಗುಡಿಸಿದರು.

ಆಮೇಲೆ ನಾನೇ ಹಗ್ಗದ ಗಂಟು ಮಾಡಿ ಕೊಟ್ಟೆ. ಎಳೆ ಎಳೆಯಾಗಿ ಬಿಡಿಸಿ ನುಂಗಿತು. ಒಣಗಿದ ತೆಂಗಿನಕಾಯಿ ಕೊಟ್ಟೆ, ಸಿಪ್ಪೆಯ ನಾರು ಗಂಟಲಿಗೆ ಸಿಕ್ಕಿ ಕೆಮ್ಮಿತು. ರೇಷ್ಮೆ ಸಾಕುವ ಪಕ್ಕದ ಮನೆಯವರು ಹುಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಗಳನ್ನು ರಾಶಿ ಹಾಕಿರುತ್ತಾರೆ. ಅದರಿಂದ ದಪ್ಪನೆಯದೊಂದನ್ನು ಆರಿಸಿ ತಂದರೆ ಅದನ್ನು ಸೀಳಿ ಸೀಳಿ ಚೂಪು ಮಾಡಿತು. ಮಾರನೆಯ ದಿನವೇ ಹಳೆಯ ಕಸುಬಿಗೆ ಮರಳಿ ನೀರಿನ ಪೈಪು ಹಿಡಿಯಿತು.

ಈ ಸುದ್ದಿ ಮಾಲೂರಿನ ಟೆಂಪೋ ಸ್ಟ್ಯಾಂಡಿಗೂ ಮುಟ್ಟಿತು. ಯಜಮಾನರ ಟೆಂಪೋ ಓಡಿಸುತ್ತಿದ್ದ ಆ ಜೊತೆಗಾರ ಒಂದು ಮಧ್ಯಾಹ್ನ ಕಪ್ಪಗೆ ದಪ್ಪಗಿದ್ದ ತುಂಡೊಂದನ್ನು ಹೆಗಲ ಮೇಲಿಟ್ಟುಕೊಂಡು ಬಂದ. ಸ್ಟ್ಯಾಂಡಿನವರೆಲ್ಲ ಸೇರಿ ಪಂಕ್ಚರ್ ಅಂಗಡಿಯಲ್ಲಿ ಕತ್ತರಿಸಿ ಕಳಿಸಿದ್ದರಂತೆ.

"ಲಾರಿ ಟೈರು ಅತ್ತಿಗೆ. ಹೈವೇನೇ ಸವೆಸಿ ಬಂದಿರೋದು. ಇವನ ಹಲ್ಲು ಇದಕ್ಕೆ ಯಾವ ಮೂಲೆ?"

"ನೋಡೋಣ ಬಿಡು, ಯಾರು ಗೆಲ್ತಾರೆ ಅಂತ," ಎಂದರು ಅತ್ತೆ.

ಆ ತುಂಡು ಕಂಡ ಕೂಡಲೇ ನಾಯಿ ಮುಂಗಾಲುಗಳಲ್ಲಿ ಅಪ್ಪಿಕೊಂಡು ಮಲಗಿಬಿಟ್ಟಿತು. ಅದಕ್ಕೆ ಟೈರಿನ ವಾಸನೆ ಎಂದರೆ ಏನೆಂದು ನನಗೆ ಗೊತ್ತು. ಎರಡು ದಿನ ಮನೆ ಶಾಂತವಾಗಿತ್ತು. ಪೊರಕೆ ಪೊರಕೆಯಾಗಿಯೇ ಉಳಿಯಿತು. ನನ್ನ ಲೆಕ್ಕಾಚಾರ ಸರಿ ಹೋಯಿತು ಎಂದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ನೀರಿನ ಬಟ್ಟಲು ಕೆಂಪಗಿತ್ತು. ಬಾಯಿ ತೆರೆದು ನೋಡಿದರೆ ಮೇಲಿನ ವಸಡಿನಲ್ಲಿ ಕೂದಲಿನಂತಹ ಉಕ್ಕಿನ ತಂತಿಯೊಂದು ನೆಟ್ಟುಕೊಂಡಿತ್ತು.

ಆ ಜೊತೆಗಾರನನ್ನೇ ಕರೆಸಿ ನಾಯಿಯನ್ನು ಮಾಲೂರಿನ ದನದ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದದ್ದು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು. ನಾವಿಬ್ಬರೂ ತಲೆ ಹಿಡಿದುಕೊಂಡೆವು. ಅವರು ಇಕ್ಕಳದಲ್ಲಿ ತಂತಿ ಎಳೆದು, ಔಷಧಿ ಹಚ್ಚಿ, ಹೊಟ್ಟೆಯನ್ನೆಲ್ಲ ಒತ್ತಿ ನೋಡಿ, ಒಳಗೆ ಏನೂ ಸಿಕ್ಕಿಕೊಂಡಿಲ್ಲ ಎಂದರು.

"ಟೈರೊಳಗೆ ತಂತಿ ಇರುತ್ತೆ ಅಂತ ಗೊತ್ತಿಲ್ವಾ? ಡ್ರೈವರ್ ಅಂತೀರಿ!" ಎಂದು ಡಾಕ್ಟರು ಆತನನ್ನು ಕೇಳಿದರು.

"ತಂತಿ ಇರೋದು ಗೊತ್ತಿತ್ತು ಮೇಡಂ. ಇವನು ಅಲ್ಲಿವರೆಗೂ ಹೋಗ್ತಾನೆ ಅಂತ ಗೊತ್ತಿರ್ಲಿಲ್ಲ," ಎಂದ ಆತ. ಡಾಕ್ಟರಿಗೂ ನಗು ಬಂತು. ಅದರಿಂದ ಧೈರ್ಯ ಬಂದು, "ಶಿವಾರಪಟ್ಟಣದ ಶಿಲ್ಪಿಗಳಿಗೆ ಹೇಳಿ ಕಲ್ಲಲ್ಲೇ ಒಂದು ಮೂಳೆ ಕೆತ್ತಿಸಿಬಿಡ್ಲಾ ಮೇಡಂ? ಅದನ್ನೇನು ಮಾಡ್ತಾನೋ ನೋಡೋಣ," ಎಂದ.

"ಕಲ್ಲು ಉಳಿಯುತ್ತೆ, ಹಲ್ಲು ಹೋಗುತ್ತೆ. ನೋಡಿ ಅಮ್ಮಾ, ಏನೇ ಕೊಡಿ, ಕೊಡೋ ಮುಂಚೆ ಹೆಬ್ಬೆರಳ ಉಗುರು ಒತ್ತಿ ನೋಡಿ. ಉಗುರು ಸ್ವಲ್ಪ ಇಳೀಬೇಕು. ಇಳೀಲೇ ಇಲ್ಲ ಅಂದ್ರೆ ಅದು ಹಲ್ಲು ಮುರಿಯುತ್ತೆ. ಕೊಂಬು, ಒಣ ಮೂಳೆ ಎಲ್ಲಾ ಹಾಗೇ. ತೀರಾ ಒಳಗೆ ಹೋಯ್ತು ಅಂದ್ರೆ ಇದು ಅದನ್ನ ಚೂರು ಮಾಡಿ ನುಂಗುತ್ತೆ."

"ಹಂಗಾದ್ರೆ ಏನು ಕೊಡ್ಲಿ?"

"ಗಟ್ಟಿ ರಬ್ಬರಿಂದು ಸಿಗುತ್ತೆ, ನಾಯಿಗೇ ಅಂತ ಮಾಡಿರೋದು. ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದು ತಗೊಳ್ಳಿ. ಹತ್ತಿ, ದಾರ, ಕಣ್ಣು, ಗುಂಡಿ ಇರೋದು ಬೇಡ. ಯಾವುದೂ ಜನ್ಮಪೂರ್ತಿ ಬರಲ್ಲ. ದಿನಾ ನೋಡಿ, ಹರಿದಿದ್ರೆ ಎಸೀರಿ. ಇನ್ನೊಂದು, ಬಾಯಲ್ಲಿ ಏನಾದ್ರೂ ಹಿಡ್ಕೊಂಡಿದ್ರೆ ಅಟ್ಟಿಸ್ಕೊಂಡು ಹೋಗ್ಬೇಡಿ. ಕಿತ್ಕೋತಾರೆ ಅಂತ ನುಂಗಿಬಿಡುತ್ತೆ. ಅದಕ್ಕಿಂತ ರುಚಿಯಾದ್ದು ತೋರಿಸಿ, ತಾನೇ ಬಿಡುತ್ತೆ." ನಾಯಿಯ ಕಿವಿ ಸವರುತ್ತಾ ಕೇಳಿದರು, "ಮೊದಲಿಂದಲೂ ಹೀಗೇನಾ ಅಗಿಯೋದು?"

ಯಜಮಾನರ ವಿಷಯ ಹೇಳಿದೆ. ದಿನವೂ ಟೆಂಪೋದಲ್ಲಿ ಹೋಗುತ್ತಿತ್ತು ಎಂದೂ ಹೇಳಿದೆ.

"ದಿನಾ ಡ್ಯೂಟಿಗೆ ಹೋಗ್ತಿದ್ದ ನಾಯಿ. ಈಗ ಕೆಲಸ ಇಲ್ಲ ಅದಕ್ಕೆ. ಏನಾದ್ರೂ ಕೆಲಸ ಕೊಡಿ ಅಮ್ಮಾ," ಎಂದರು.

ಮನೆಗೆ ಬಂದು ಅತ್ತೆಗೆ ಎಲ್ಲವನ್ನೂ ಹೇಳಿದೆ. ಅವರು ರಾಗಿ ಕೇರುತ್ತಿದ್ದರು. ಮಾತು ಮುಗಿದ ಮೇಲೆ ಮೊರ ಕೆಳಗಿಟ್ಟರು.

"ಉಗುರು ಇಳೀಬೇಕು ಅಂದ್ಲಾ?"

"ಹೂಂ ಅತ್ತೆ."

ಹೆಬ್ಬೆರಳ ಉಗುರನ್ನು ಮೊರಕ್ಕೆ ಒತ್ತಿದರು. ಆಮೇಲೆ ಜಗಲಿಯ ಕಂಬಕ್ಕೆ, ಆಮೇಲೆ ತಮ್ಮ ಚಪ್ಪಲಿಗೆ. "ಚಪ್ಪಲಿ ಸರಿಯಾಗಿ ಇಳೀತದೆ. ಅದಕ್ಕೇ ಈ ಮುಂಡೇದಕ್ಕೆ ಚಪ್ಪಲಿ ಕಂಡ್ರೆ ಆಸೆ," ಎಂದರು. ನಾಯಿ ದೂರದಲ್ಲಿ ಮಲಗಿ ಬಾಲ ಆಡಿಸಿತು. ಕಾರ್ಯದ ದಿನದಿಂದ ಅತ್ತೆ ಅದರ ಬಗ್ಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಮುಂದಿನ ವಾರ ಅತ್ತೆಯ ಕಣ್ಣು ತೋರಿಸಲು ಕೋಲಾರಕ್ಕೆ ಹೋಗುವುದಿತ್ತು. ಹೊರಡುವ ಮುಂಚೆ ಅವರು ನಾಯಿಯನ್ನು ಕರೆದು, ನನ್ನ ಹೊಲಿಗೆ ದಾರ ತೆಗೆದುಕೊಂಡು ಅದರ ಮೂತಿಗೆ ಸುತ್ತಿ ಗಂಟು ಹಾಕಿದರು. ಬಳೆ ತರುವವರಿಗೆ ಕೈಯ ಅಳತೆ ಕೊಟ್ಟು ಕಳಿಸುತ್ತೇವಲ್ಲ, ಹಾಗೆ. ದಾರವನ್ನು ಮಡಿಸಿ ಸೊಂಟದ ಚೀಲದಲ್ಲಿಟ್ಟುಕೊಂಡರು.

ಕಣ್ಣಿನ ಡಾಕ್ಟರ ಹತ್ತಿರ ಬೇಗ ಮುಗಿಯಿತು. ನಾಯಿ ಸಾಮಾನಿನ ಅಂಗಡಿಯಲ್ಲಿ ಹೊತ್ತಾಯಿತು. ಅಂಗಡಿಯವನು ನಡುವಯಸ್ಸಿನವನು, ಮಾತುಗಾರ. ಅತ್ತೆ ಕಣ್ಣಿಗೆ ಹಾಕಿದ ಔಷಧಿಯಿಂದ ಎಲ್ಲ ಮಸುಕು ಮಸುಕು ಎನ್ನುತ್ತಲೇ ಒಂದೊಂದು ಸಾಮಾನನ್ನೂ ಕೈಗೆತ್ತಿಕೊಂಡು ಉಗುರು ಒತ್ತತೊಡಗಿದರು.

"ಇದು ಕಲ್ಲು. ಇದು ಬೆಣ್ಣೆ. ಇದೂ ಕಲ್ಲೇ."

"ಅಜ್ಜೀ, ಟೊಮೇಟೊ ಅಲ್ಲ ಅದು, ಹಂಗೆಲ್ಲಾ ಒತ್ತಬೇಡಿ."

"ಟೊಮೇಟೊ ಆಗಿದ್ರೆ ಒತ್ತುತಾನೇ ಇರ್ಲಿಲ್ಲ ಕಣಯ್ಯಾ. ಬೆಳೆದೋರ ಮನೆಯೋಳು ನಾನು, ಕಣ್ಣಲ್ಲೇ ಗೊತ್ತಾಗ್ತದೆ."

ಅವನು ಬಿಳಿಯ ಮೂಳೆಯಂತಹದೊಂದನ್ನು ಮುಂದಿಟ್ಟ. "ಇದು ತಗೊಳ್ಳಿ. ಆನೆ ತುಳಿದ್ರೂ ಮುರಿಯಲ್ಲ."

"ನಮ್ಮ ನಾಯಿ ಆನೆ ಅಲ್ಲಪ್ಪ. ಇದು ಮುರೀಲಿಲ್ಲ ಅಂದ್ರೆ ಅದರ ಹಲ್ಲು ಮುರೀತದೆ."

ಕೊನೆಗೆ ಒಳಗಿನಿಂದ ಕಪ್ಪು ರಬ್ಬರಿನದೊಂದು ಬಂತು. ಮಧ್ಯೆ ಟೊಳ್ಳು, ಎರಡು ಕಡೆಯೂ ತೂತು. ಒಂದೇ ಕಡೆ ತೂತಿದ್ದರೆ ನಾಲಿಗೆ ಒಳಗೆ ಸಿಕ್ಕಿಕೊಳ್ಳಬಹುದು, ಆದ್ದರಿಂದ ಎರಡು ತೂತಿನದು ಒಳ್ಳೆಯದು ಎಂದು ಅಂಗಡಿಯವನೇ ಹೇಳಿದ. ಉಗುರು ಒತ್ತಿದರೆ ಒಂದಿಷ್ಟು ಇಳಿದು ಮತ್ತೆ ಮೇಲೆ ಬರುತ್ತಿತ್ತು. ಅತ್ತೆ ದಾರ ತೆಗೆದು ಅದರ ಸುತ್ತ ಹಾಕಿದರು. ದಾರ ಸಾಲಲಿಲ್ಲ.

"ದಾರ ಚಿಕ್ಕದಾಯ್ತಾ ಅಜ್ಜಿ?"

"ದಾರ ಸಾಲದಿದ್ರೇನೇ ಸರಿ. ಬಾಯೊಳಗೆ ಹೋಗಬಾರದು ಅಂತ ಡಾಕ್ಟ್ರಮ್ಮ ಹೇಳವ್ಳೆ."

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಹಾಗಾದರೆ ಕಳಿಸುವುದು ಬೇಡ ತಾನೆ ಎಂದು ಈಗ ಕೇಳಿಬಿಡಬಹುದು ಅಂದುಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಅವರೇ, "ಕಳಿಸೋವರೆಗಾದ್ರೂ ಮನೆ ಸಾಮಾನು ಉಳೀಲಿ," ಎಂದರು. ನಾನು ಕಿಟಕಿಯ ಆಚೆ ನೋಡಿದೆ.

ರಬ್ಬರನ್ನು ನಾಯಿ ಮೂಸಿ, ಎರಡು ಸಲ ಕಚ್ಚಿ, ಬಿಟ್ಟು ಹೋಗಿ ಮಂಚದ ಕಾಲು ಹಿಡಿಯಿತು. ಅಷ್ಟು ಆರಿಸಿ ತಂದದ್ದಕ್ಕೆ ಅತ್ತೆಗೆ ಅವಮಾನವಾಯಿತು. "ಒಳಗೆ ಖಾಲಿ ಇದ್ರೆ ಯಾರು ತಾನೇ ಮಾತಾಡಿಸ್ತಾರೆ," ಎಂದು ಒಳಗೆ ಹೋದರು. ಉಪ್ಪು ಹಾಕದೆ ತಿರುವಿದ ಬಿಸಿ ಮುದ್ದೆಯ ಒಂದು ತುಂಡನ್ನು ತಂದು, ಆರಿಸಿ, ರಬ್ಬರಿನ ಹೊಟ್ಟೆಗೆ ಹೆಬ್ಬೆರಳಿನಿಂದ ತುರುಕಿದರು.

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿನಲ್ಲಿ ಹೊರಳಿಸಿ ನುಂಗುತ್ತೇವೆ. ನಮ್ಮ ನಾಯಿಗೂ ಅಷ್ಟೇ, ತಟ್ಟೆಯಲ್ಲಿ ಹಾಕಿದ ಮುದ್ದೆ ಒಂದೇ ಸಲಕ್ಕೆ ಗಂಟಲಲ್ಲಿ ಇಳಿಯುತ್ತಿತ್ತು. "ಮುದ್ದೆನ ನುಂಗ್ತದೆ, ಮಂಚನ ಅಗೀತದೆ," ಎಂದು ಅತ್ತೆ ಬೈಯುತ್ತಿದ್ದರು. ಈಗ ಆ ಮುದ್ದೆ ರಬ್ಬರಿನ ಒಳಗೆ ಕೂತಿತ್ತು. ನುಂಗಲು ಆಗದು, ಬಿಡಲು ಮನಸ್ಸಿಲ್ಲ. ನಾಯಿ ಅದನ್ನು ಎರಡು ಪಾದಗಳ ನಡುವೆ ನಿಲ್ಲಿಸಿಕೊಂಡು ನೆಕ್ಕಿತು, ಕಚ್ಚಿತು, ಎತ್ತಿ ಎಸೆಯಿತು, ಕುಕ್ಕಿತು. ಸಂಜೆಯವರೆಗೂ ಮನೆಯಲ್ಲಿ ಬೇರೆ ಯಾವುದೂ ಅದಕ್ಕೆ ಕಾಣಲಿಲ್ಲ.

ಅಲ್ಲಿಂದ ಮನೆಯ ದಿನಚರಿ ಬದಲಾಯಿತು. ಬೆಳಿಗ್ಗೆ ಮುದ್ದೆ ತಿರುವುವಾಗ ಮೊದಲ ತುತ್ತು ರಬ್ಬರಿಗೆ. ಬಿಸಿಲು ಹೆಚ್ಚಾದ ಮೇಲೆ ಅದನ್ನು ಫ್ರಿಜ್ಜಿನ ಐಸಿನ ಗೂಡಿನಲ್ಲಿಟ್ಟು ಕೊಡುವುದನ್ನು ಅತ್ತೆಯೇ ಕಂಡುಹಿಡಿದರು. ಒಂದು ದಿನ ಹುರಿದ ಕಡಲೆಕಾಯಿ ಪುಡಿ, ಒಂದು ದಿನ ಬೇಯಿಸಿದ ಸಿಹಿಗುಂಬಳ. ಅದು ಅಂಗಳದ ಇಳಿಜಾರಿನಲ್ಲಿ ಉರುಳಿ ಕೊಟ್ಟಿಗೆಗೆ ಹೋಗುವುದು, ನಾಯಿ ಹಿಂದೆ ಓಡುವುದು, ಹಸು ಬೆಚ್ಚಿ ಹಗ್ಗ ಎಳೆಯುವುದು, ಅತ್ತೆ ಎರಡು ಭಾಷೆಯಲ್ಲಿ ಮೂವರನ್ನೂ ಬೈಯುವುದು. ಬ್ಲೌಸಿಗೆ ಅಳತೆ ಕೊಡಲು ಬಂದ ಹೆಂಗಸರು ಇದನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಮನೆಯಲ್ಲಿ ಮತ್ತೆ ಸದ್ದು ತುಂಬಿತ್ತು, ಅದು ನನಗೆ ಹಿತವಾಗಿತ್ತು.

ರಬ್ಬರು ಖಾಲಿಯಾದ ಮೇಲೆ ನಾಯಿ ಅದನ್ನು ತಂದು ಅತ್ತೆಯ ಮಡಿಲಿಗೆ ಹಾಕಿ ಸುಮ್ಮನೆ ಮುಖ ನೋಡುತ್ತಿತ್ತು.

"ಆಯ್ತಾ? ನಿಮ್ಮಪ್ಪನೂ ಹಿಂಗೇ. ಎರಡನೇ ಮುದ್ದೆ ಬೇಕಾದ್ರೆ ಬಾಯಿಬಿಟ್ಟು ಕೇಳ್ತಿರ್ಲಿಲ್ಲ, ತಟ್ಟೆ ನೋಡ್ಕೊಂಡು ಕೂತ್ಕೋತಿದ್ದ."

ಯಜಮಾನರ ಹೆಸರು ಬಂದರೆ ಅಳು ಬರುತ್ತಿದ್ದ ಮನೆಯಲ್ಲಿ ಅವರ ವಿಷಯ ಹೀಗೆ ಸಲೀಸಾಗಿ ಓಡಾಡತೊಡಗಿತು. ಸಂಜೆ ಅತ್ತೆ ರಬ್ಬರನ್ನು ತೊಳೆದು, ದೀಪದ ಬೆಳಕಿಗೆ ಹಿಡಿದು, ಅಕ್ಕಿಯಲ್ಲಿ ಕಲ್ಲು ಹುಡುಕುವವರಂತೆ ತಿರುಗಿಸಿ ತಿರುಗಿಸಿ ಎಲ್ಲಿಯಾದರೂ ಹರಿದಿದೆಯೇ ಎಂದು ನೋಡುತ್ತಿದ್ದರು. ಇವರು ಮರೆತಿದ್ದಾರೆ, ನಾಯಿ ಇನ್ನು ಹೋಗುವುದಿಲ್ಲ ಎಂದು ನಾನು ನಂಬಿಕೊಂಡೆ.

ಮಾವು ಹಣ್ಣಾಗುವ ಹೊತ್ತಿಗೆ ನಾದಿನಿಯ ಫೋನು ಬಂತು. ಅತ್ತೆ ಮಾತಾಡಿದರು. ಫೋನು ಇಟ್ಟು, "ನಾಳಿದ್ದು ಹೋಗಿ ಬಿಟ್ಟು ಬರೋಣ. ಮಾತು ಕೊಟ್ಟಿದೀನಲ್ಲ," ಎಂದರು. ನನ್ನ ಮುಖ ನೋಡಲಿಲ್ಲ. ನಾನು ಮಿಷನ್ನಿನ ಮುಂದೆ ಕೂತು ಹೊಲಿದ ಹೊಲಿಗೆ ಅಂದು ಪೂರ್ತಿ ಸೊಟ್ಟಗೆ ಬಂತು.

ಹೊರಡುವ ಬೆಳಿಗ್ಗೆ ಅತ್ತೆ ಒಂದು ಕೈಚೀಲ ತುಂಬುತ್ತಿದ್ದರು. ಅದರ ತಟ್ಟೆ, ಮಲಗುವ ಗೋಣಿ, ಬಾಚುವ ಬ್ರಷ್ಷು, ಹೊಸ ರಾಗಿ ಹಿಟ್ಟಿನ ಪೊಟ್ಟಣ, ಕೊನೆಯಲ್ಲಿ ಮುದ್ದೆ ತುಂಬಿದ ರಬ್ಬರನ್ನು ಬಾಳೆ ಎಲೆಯಲ್ಲಿ ಸುತ್ತಿ ಇಟ್ಟರು. ನನ್ನ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಇಷ್ಟು ಮುತುವರ್ಜಿಯಿಂದ ಚೀಲ ತುಂಬಿದ್ದು ನಾನು ನೋಡಿರಲಿಲ್ಲ.

ಟೆಂಪೋ ಬಂತು. ಎಷ್ಟೋ ದಿನಗಳ ಮೇಲೆ ನಾಯಿಯನ್ನು ಕ್ಯಾಬಿನ್ನಿಗೆ ಹತ್ತಿಸಿದೆವು. ಅದು ನೇರ ಕಿಟಕಿಯ ಪಕ್ಕ ಹೋಗಿ ನೆಟ್ಟಗೆ ಕೂತಿತು, ಡ್ಯೂಟಿಗೆ ಹೊರಟಂತೆ. ಮಾಲೂರು ದಾಟಿತು, ಕೋಲಾರ ದಾಟಿತು. ಡ್ರೈವರೊಬ್ಬನೇ ಏನೇನೋ ಹೇಳುತ್ತಿದ್ದ. ನಾವಿಬ್ಬರೂ ಹೂಂ ಎನ್ನುತ್ತಿದ್ದೆವು.

ತೋಟದಲ್ಲಿ ಹಬ್ಬದ ಗದ್ದಲ. ಮರಗಳ ಕೆಳಗೆ ಬಾದಾಮಿ, ರಸಪುರಿ, ತೋತಾಪುರಿ ಬೇರೆ ಬೇರೆ ರಾಶಿ. ಆಳುಗಳು ಹಣ್ಣು ಆರಿಸಿ ಕ್ರೇಟಿಗೆ ತುಂಬುತ್ತಿದ್ದರು. ನಾದಿನಿ ಓಡಿ ಬಂದು ನಾಯಿಯನ್ನು ತಬ್ಬಿಕೊಂಡಳು. ಅವಳಿಗೂ ಅದು ಅಣ್ಣನ ನಾಯಿ.

"ಬಾರೋ ರಾಜ, ಮೊದಲು ನಮ್ಮ ತೋಟದ ಹಣ್ಣು ತಿನ್ನು," ಎಂದು ರಸಪುರಿ ಹಣ್ಣೊಂದನ್ನು ಹಾಗೇ ಇಡಿಯಾಗಿ ಮುಂದೆ ಹಾಕಿದಳು.

"ಹಣ್ಣೊಳಗೆ ವಾಟೆ ಇದೆಯಲ್ಲ," ಎಂದೆ ನಾನು.

"ಇರ್ಲಿ ಬಿಡಿ ಅತ್ತಿಗೆ. ನಮ್ಮ ತೋಟದ ನಾಯಿಗಳೆಲ್ಲಾ ವಾಟೆ ಚೀಪ್ಕೊಂಡೇ ಬೆಳೆದಿರೋದು. ಚೀಪಿ ಬಿಸಾಕ್ತವೆ."

ಅವಳು ಹೇಳಿದ್ದು ಸುಳ್ಳಲ್ಲ. ಅಲ್ಲಿ ಎರಡು ಬಡಕಲು ನಾಯಿಗಳು ವಾಟೆ ನೆಕ್ಕಿ, ಬೆಳ್ಳಗೆ ಮಾಡಿ, ಬಿಟ್ಟು ಹೋಗುತ್ತಿದ್ದವು. ಆದರೆ ನಮ್ಮದು ನೆಕ್ಕಿ ಬಿಡುವ ಜಾತಿಯಲ್ಲ. ತಿರುಳು ಹೋದ ಕ್ಷಣ ವಾಟೆಯನ್ನು ದವಡೆಗೆ ಹಾಕಿಕೊಂಡಿತು. ಕಟಕ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. ಒಂದು ತುದಿ ಸೀಳಿ ಅದರ ತುಟಿಯ ಹೊರಗೆ ಬಂದಿತ್ತು. ಅದು ಒಳಗೆ ಹೋದರೆ ಕರುಳಿಗೆ ಅಡ್ಡ ಕೂರುತ್ತದೆ ಎಂದು ಹೊಳೆದು ನಾನು ಕೂಗಿಕೊಂಡೆ. ಕೂಗು ಕೇಳಿ ಡ್ರೈವರು ಓಡಿದ, ನಾದಿನಿ ಓಡಿದಳು, ಆಳುಗಳು ಬುಟ್ಟಿ ಬಿಟ್ಟು ಓಡಿದರು. ಇಷ್ಟು ಜನ ತನ್ನ ಜೊತೆ ಆಡಲು ಬಂದದ್ದು ಕಂಡು ನಾಯಿಗೆ ಹಿಗ್ಗು. ಮರದಿಂದ ಮರಕ್ಕೆ ಸುತ್ತಿತು. ಯಾರಾದರೂ ಹತ್ತಿರ ಹೋದಾಗಲೆಲ್ಲ ವಾಟೆಯನ್ನು ಇನ್ನಷ್ಟು ಒಳಗೆ ಎಳೆದುಕೊಳ್ಳುತ್ತಿತ್ತು.

"ನಿಂತ್ಕೊಳ್ರೋ ಎಲ್ರೂ!" ಎಂದು ಅತ್ತೆ ಗದರಿದರು.

ಎಲ್ಲರೂ ನಿಂತರು. ಅತ್ತೆ ಅಲ್ಲೇ ನೆಲದ ಮೇಲೆ ಕೂತು, ಕೈಚೀಲದಿಂದ ಬಾಳೆ ಎಲೆಯ ಪೊಟ್ಟಣ ತೆಗೆದು ಬಿಚ್ಚಿದರು. ರಬ್ಬರನ್ನು ಅಂಗೈಯಲ್ಲಿಟ್ಟುಕೊಂಡು, ನಾಯಿಯ ಕಡೆ ನೋಡದೆ, ಮೆತ್ತಗೆ ಕರೆದರು.

"ರಾ ನಾಯನಾ. ರಾ, ದಾ."

ಹಾಗೆಂದರೆ ತೆಲುಗಿನಲ್ಲಿ ಬಾ ಮಗನೇ ಎಂದು. ಅವರು ಆ ಮಾತಿನಲ್ಲಿ ಕರೆಯುತ್ತಿದ್ದದ್ದು ಲೋಕದಲ್ಲಿ ಒಬ್ಬರನ್ನು ಮಾತ್ರ. ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾಯಿ ನಿಂತಿತು. ಮುದ್ದೆಯ ವಾಸನೆಗೆ ಮೂಗು ಅರಳಿತು. ಒಂದೊಂದೇ ಹೆಜ್ಜೆ ಬಂದು ಅತ್ತೆಯ ಮುಂದೆ ಕೂತಿತು. ಎರಡೂ ಬೇಕು ಎಂದು ಸ್ವಲ್ಪ ಹೊತ್ತು ಯೋಚನೆ ಮಾಡಿತು. ಆಮೇಲೆ ಬಾಯಿ ತೆರೆದು, ಸೀಳಿದ ವಾಟೆಯನ್ನು ಅವರ ಮಡಿಲಿಗೆ ಹಾಕಿ, ರಬ್ಬರನ್ನು ತೆಗೆದುಕೊಂಡು ಹೋಗಿ ನೆರಳಿನಲ್ಲಿ ಮಲಗಿತು.

ಅತ್ತೆ ವಾಟೆಯ ಸೀಳುಗಳನ್ನು ಒಂದಕ್ಕೊಂದು ಜೋಡಿಸಿ ನೋಡಿದರು. ಎಲ್ಲವೂ ಇತ್ತು, ಚೂರೂ ಒಳಗೆ ಹೋಗಿರಲಿಲ್ಲ.

"ಎರಡು ದಿನ ಇದ್ರೆ ಕಲ್ತುಕೊಳ್ತದೆ ಬಿಡಮ್ಮ," ಎಂದಳು ನಾದಿನಿ. ಅವಳ ದನಿ ಸಣ್ಣದಾಗಿತ್ತು.

ಅತ್ತೆ ಸುತ್ತಲೂ ನೋಡಿದರು. ಪ್ರತಿ ಮರದ ಬುಡದಲ್ಲೂ ಜನ ತಿಂದೆಸೆದ ವಾಟೆಗಳು. "ಎಷ್ಟು ಅಂತ ಆರಿಸ್ತೀಯೇ?"

"ಮತ್ತೆ ಮಾತು ಕೊಟ್ಟಿದ್ಯಲ್ಲಮ್ಮ?"

"ಕೊಟ್ಟಿದ್ದೆ. ನನ್ನದು ಅನ್ಕೊಂಡು ಕೊಟ್ಟೆ. ಇವಳನ್ನ ಒಂದು ಮಾತು ಕೇಳಿದ್ನಾ ನಾನು?" ಎಂದು ನನ್ನ ಕಡೆ ತಿರುಗಿದರು. "ಹೇಳಮ್ಮ. ಆಗಿಂದ ಮುದ್ದೆ ನುಂಗಿದೋಳ ಹಂಗೆ ನಿಂತಿದ್ದೀಯ. ಏನು ಮಾಡೋಣ?"

"ನಮ್ಮನೇಲೇ ಇರ್ಲಿ ಅತ್ತೆ. ನನಗೆ ಬೇಕು ಅದು," ಎಂದೆ.

ಮೆಲ್ಲಗೆ ಹೇಳಬೇಕೆಂದುಕೊಂಡಿದ್ದೆ. ದನಿ ಎಷ್ಟು ಜೋರಾಗಿ ಬಂತೆಂದರೆ ಆಚೆ ಮರದ ಮೇಲಿದ್ದವನೂ ಕೆಳಗೆ ಬಗ್ಗಿ ನೋಡಿದ.

"ಅಬ್ಬಾ! ಅತ್ತಿಗೆ ಹತ್ರ ಇಷ್ಟು ದೊಡ್ಡ ಗಂಟಲಿತ್ತಾ?" ಎಂದು ನಾದಿನಿ ನಕ್ಕಳು. ನಗುತ್ತಾ ಕಣ್ಣು ಒರೆಸಿಕೊಂಡಳು. "ಕರ್ಕೊಂಡೋಗಿ ಅತ್ತಿಗೆ. ಈ ಎರಡು ಬಡಕಲುಗಳಿಗೇ ನಾಲ್ಕು ತುತ್ತು ಜಾಸ್ತಿ ಹಾಕಿ ಕಾಯಿಸ್ಕೋತೀನಿ. ಇವಕ್ಕೆ ಚೀಪೋದಾದ್ರೂ ಗೊತ್ತು."

ಊಟ ಮಾಡಿ ಹೊರಟೆವು. ಟೆಂಪೋದ ಹಿಂದೆ ಎರಡು ಕ್ರೇಟು ಹಣ್ಣು, ಮುಂದೆ ನಾವು. ನಾಯಿಯ ಜೊಲ್ಲು ಅತ್ತೆಯ ಸೀರೆಯ ಮೇಲೆ ಸುರಿಯುತ್ತಿತ್ತು. ಅವರು ದಾರಿಯುದ್ದಕ್ಕೂ ಬೈದರು, ದೂರ ಮಾತ್ರ ತಳ್ಳಲಿಲ್ಲ. ಕೋಲಾರ ಬಂದಾಗ ಡ್ರೈವರ ಭುಜ ತಟ್ಟಿ, ನಾಯಿ ಸಾಮಾನಿನ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದರು.

"ಒಂದಿದೆಯಲ್ಲಮ್ಮ ಆಗ್ಲೇ?" ಎಂದ ಆತ.

"ಒಂದನ್ನ ತೊಳೆದು ಒಣಗಾಕಿದಾಗ ಏನು ಅಗೀಲಿ ಅದು, ನಿನ್ನ ಸ್ಟೇರಿಂಗಾ?"

ಟೆಂಪೋ ನಿಂತ ಮೇಲೆ ಅವರು ಇಳಿಯಲಿಲ್ಲ. ನಾಯಿಯ ಕೊರಳಪಟ್ಟಿಯನ್ನು ನನ್ನ ಕೈಯಿಂದ ತಾವು ತೆಗೆದುಕೊಂಡರು.

"ನೀನು ಹೋಗಿ ಆರಿಸ್ಕೊಂಡು ಬಾ. ನಿನ್ನ ನಾಯಿ ಅಲ್ವಾ?"

ನಾನು ಒಬ್ಬಳೇ ಅಂಗಡಿಗೆ ಹೋದೆ. ಅವಸರ ಮಾಡಲಿಲ್ಲ, ಬೇಕಾದಷ್ಟು ಹೊತ್ತು ತೆಗೆದುಕೊಂಡೆ. ಕೆಂಪು ಬಣ್ಣದ, ದುಂಡಗಿನ, ದಪ್ಪ ರಬ್ಬರಿನದೊಂದು ನನಗೆ ಹಿಡಿಸಿತು. ಕಟ್ಟಿಸಿಕೊಳ್ಳದೆ ಕೈಯಲ್ಲೇ ಹಿಡಿದು ತಂದೆ. ಕಿಟಕಿಯಿಂದ ತಲೆ ಹೊರಗಿಟ್ಟಿದ್ದ ನಾಯಿ ಅದನ್ನು ನನ್ನ ಕೈಯಿಂದಲೇ ಮೆತ್ತಗೆ ಬಾಯಿಗೆ ತೆಗೆದುಕೊಂಡಿತು. ಕಚ್ಚಲಿಲ್ಲ, ಅಗಿಯಲಿಲ್ಲ. ಮಾಲೂರು ಬರುವವರೆಗೂ ಹಾಗೇ ಹಿಡಿದುಕೊಂಡು ಗಾಳಿಗೆ ಮುಖವೊಡ್ಡಿ ಕೂತಿತ್ತು. ಬಸ್ ಸ್ಟಾಪುಗಳಲ್ಲಿ ನಿಂತಿದ್ದವರು ಬೆರಳು ತೋರಿಸಿ ನಗುತ್ತಿದ್ದರು. ನಾವೂ ಕ್ಯಾಬಿನ್ನಿನಿಂದ ನಗುತ್ತಿದ್ದೆವು.